ಗೋಧಿ ರಾಶಿಯ ಹಿಂದಿನ ಅನ್ನಮ್ಮ

ಕೋಕ್‌ಬುಲಾಕ್, ಕಜಾಕಿಸ್ತಾನ
ಮಾರ್ಚ್ 9, 1992

ಪ್ರೀತಿಯ ಓತಿಲಿಯಾ ದೊಡ್ಡಜ್ಜಿ,

ಚರ್ಚಿನ ಕೀಲಿ ನಮ್ಮ ಕೈಗೆ ಬಂತು. ಪುರಸಭೆಯ ಗುಮಾಸ್ತ ಅದನ್ನು ಮೇಜಿನ ಮೇಲೆ ಜಾರಿಸಿ, "ತಗೊಳ್ಳಿ ನಿಮ್ಮ ದೇವರ ಮನೆ. ಬಾಕ್ಸಿಂಗ್ ಹುಡುಗರಿಗೆ ಬೇರೆ ಜಾಗ ಹುಡುಕೋ ತಲೆನೋವು ನಮಗೆ" ಎಂದ. ಕಸಿದುಕೊಂಡದ್ದನ್ನು ಹಿಂದಿರುಗಿಸುವುದು ಉಪಕಾರವಲ್ಲ ಎಂದು ನಾನು ಅವನಿಗೆ ಹೇಳಿದೆ. ಇನ್ನೂ ಹೇಳುವುದಿತ್ತು, ಫಾದರ್ ಜೆನೊನ್ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಇವರು ಪೋಲೆಂಡಿನಿಂದ ಬಂದ ಹೊಸ ಪಾದ್ರಿ. ತುಂಬಾ ಉದ್ದ ಇದ್ದಾರೆ, ನಮ್ಮೂರಿನ ಒಂದು ಬಾಗಿಲೂ ಅವರ ಹಣೆಯನ್ನು ಬಿಟ್ಟಿಲ್ಲ.

ಬೀಗ ತೆಗೆದಾಗ ನಿಮ್ಮ ತಂಗಿ ಎಲ್ಲರಿಗಿಂತ ಮುಂದೆ ಇದ್ದರು. ಯೋಚನೆ ಮಾಡಿ ದೊಡ್ಡಜ್ಜಿ, ಅಗ್ನೇಸಾ ಅಜ್ಜಿ ಹುಟ್ಟಿದ್ದು ಬೆಳೆದದ್ದು ಇದೇ ಬೀದಿಯಲ್ಲಿ, ಪಾದ್ರಿಯೇ ಇಲ್ಲದ ಅಷ್ಟೂ ವರ್ಷ ಊರಿನ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟದ್ದು, ಸತ್ತವರಿಗೆ ಪ್ರಾರ್ಥನೆ ಹೇಳಿದ್ದು ಅವರೇ. ಆದರೂ ಈ ಗೋಡೆಗಳ ಒಳಗೆ ಕಾಲಿಟ್ಟ ನೆನಪು ಅವರಿಗಿಲ್ಲ. ಮೊದಲು ಗೋಧಿ ಉಗ್ರಾಣ, ಆಮೇಲೆ ಬಾಕ್ಸಿಂಗ್ ಮನೆ. ಒಳಗೆಲ್ಲ ಬೆವರಿನ ವಾಸನೆ. ಬಲಿಪೀಠ ಇದ್ದ ಕಡೆ ಹಗ್ಗ ಬಿಗಿದ ಕಣ. ಅಜ್ಜಿಯಂದಿರು ಆ ಕಣದ ಮೆತ್ತೆಯ ಮೇಲೇ ಮೊಣಕಾಲೂರಿದರು. ಪ್ರಾರ್ಥನೆ ಮುಗಿದಾಗ ತೆಕ್ಲಾ ಅಜ್ಜಿ ಮೆತ್ತೆ ಸವರಿ, "ಇದನ್ನ ಮಾತ್ರ ತೆಗೀಬೇಡ್ರಪ್ಪ, ಮಂಡಿಗೆ ಎಷ್ಟು ಹಿತವಾಗಿದೆ" ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಬಿಷಪ್ಪರ ಕಚೇರಿಯಿಂದ ಒಂದು ಪ್ರಶ್ನೆ ಬಂದಿದೆ: ನಿಮ್ಮ ಚರ್ಚು ಯಾವ ಸಂತರಿಗೆ ಅರ್ಪಿತವಾದದ್ದು? ಆ ಸಂತರ ಹಬ್ಬದ ದಿನವೇ ಬಿಷಪ್ಪರು ಬಂದು ಮರಳಿ ಪ್ರತಿಷ್ಠೆ ಮಾಡುತ್ತಾರಂತೆ. ಅಜ್ಜಿ ಕೇಳಿ ನಕ್ಕುಬಿಟ್ಟರು. "ಇದೂ ಒಂದು ಪ್ರಶ್ನೆಯಾ? ಸಂತ ಅನ್ನಮ್ಮ. ಮರಿಯಮ್ಮನ ತಾಯಿ. ಜುಲೈ ಇಪ್ಪತ್ತಾರು. ಕರಬೂಜ ಹಣ್ಣಾಗೋ ಹೊತ್ತು." ವರ್ಷವರ್ಷವೂ ಆ ದಿನ ಚರ್ಚಿನ ಪಕ್ಕದ ಬಾಗಿಲಿನ ಹೊರಗೆ ಬೀದಿಯಲ್ಲೇ ಕೂತು ಅವರು ಜಪಸರ ಹಿಡಿದದ್ದು, ಹಣ್ಣು ಕೊಯ್ದು ಹಂಚಿದ್ದು ನಿಮಗೂ ಗೊತ್ತು. ಊರಲ್ಲಿ ಎರಡು ಹುಡುಗಿಯರಲ್ಲಿ ಒಬ್ಬಳ ಹೆಸರು ಅನ್ನಾ, ನಾನು ಹೇಗೋ ತಪ್ಪಿಸಿಕೊಂಡು ರೇಗಿನಾ ಆದೆ.

ಆದರೆ ಇದಕ್ಕೆ ಆಧಾರ ಏನು? ಎಲ್ಲರೂ ಹೇಳುತ್ತಾರೆ ಅನ್ನುವುದು ಆಧಾರವಲ್ಲ. ಬಲಿಪೀಠದ ಹಿಂದಿನ ಗೋಡೆಯಲ್ಲಿ ಸುಣ್ಣ ಚಕ್ಕೆಯೆದ್ದ ಕಡೆ ನೀಲಿ ಬಣ್ಣ ಕಂಡಿದೆ. ಕೆಳಗೆ ಚಿತ್ರವಿದೆ. ಫಾದರ್ ತಂದ ಪುಸ್ತಿಕೆಗಳಲ್ಲಿ ಪವಿತ್ರ ಕಲೆಯ ಬಗ್ಗೆ ಮೂರನ್ನು ಈಗಾಗಲೇ ಓದಿ ಮುಗಿಸಿದ್ದೇನೆ. ಗೋಡೆ ಎಂದೂ ಸುಳ್ಳು ಹೇಳುವುದಿಲ್ಲ. ರೈಲ್ವೆ ಟಿಕೆಟ್ ಕಿಟಕಿಯ ಕೆಲಸ ಮುಗಿದ ಮೇಲೆ ದಿನವೂ ಕೆರೆದು ತೆಗೆಯುತ್ತೇನೆ.

ಚರ್ಚು ಮುಚ್ಚುವ ಮೊದಲು ಒಳಗೆ ಪೂಜೆ ನೋಡಿದವರಲ್ಲಿ ಬದುಕಿರುವವರು ನೀವೊಬ್ಬರೇ. ಆಗ ನಿಮಗೆ ಒಂಬತ್ತು ವರ್ಷ, ಗಂಟೆ ಬಾರಿಸುವವರ ಮಗಳು. ಗೋಡೆಯ ಮೇಲೆ ಏನಿತ್ತು? ನೇರವಾಗಿ ಬರೆಯಿರಿ.

ನಿಮ್ಮ
ರೇಗಿನಾ

•

ನೀಡರ್‌ಬಾಹ್, ಜರ್ಮನಿ
ಏಪ್ರಿಲ್ 2, 1992

ಮುದ್ದು ರೇಗಿನಾ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. ಕೆಳಗಿನ ಮನೆಯವರು ಕೋಲಿನಿಂದ ತಮ್ಮ ಚಾವಣಿ ತಟ್ಟಿದರು. ಕೀಲಿ ಬಂತಲ್ಲ, ನನ್ನ ಅಪ್ಪ ಎಲ್ಲಿದ್ದರೂ ಕೇಳಿಸಿಕೊಂಡಿರುತ್ತಾರೆ.

ಇಲ್ಲಿ ನಾನು ಚರ್ಚಿನ ಹಾಡಿನವರ ಜೊತೆ ಜಗಳವಾಡಿದ್ದೇನೆ. ಇವರು ಹಾಡುವುದೆಂದರೆ ಬಸ್ಸು ಹಿಡಿಯಲು ಓಡಿದ ಹಾಗೆ. ನಾವು ಹುಲ್ಲುಗಾವಲಿನಲ್ಲಿ ಕಲಿತವರು, ಒಂದು ಸಾಲು ಎಳೆದರೆ ಕುರಿಮಂದೆ ದಾಟಿ ಹೋಗಬೇಕು. "ನೀವು ಯಾಕೆ ಎಲ್ಲರಿಗಿಂತ ಹಿಂದೆ ಉಳೀತೀರಿ?" ಎಂದು ಕೇಳಿದರು. "ನಾನು ಹಿಂದಿಲ್ಲ, ನೀವೇ ದೇವರಿಗಿಂತ ಮುಂದೆ ಹೋಗ್ತಿದೀರಿ" ಎಂದೆ. ಈಗ ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದಾರೆ.

ಚರ್ಚು ಅನ್ನಮ್ಮನದೇ ಅಂತ ಎಲ್ಲರೂ ಹೇಳುತ್ತಾರಲ್ಲ, ಸಾಕಲ್ಲವೇ? ಬಿಷಪ್ಪರಿಗೆ ಹಾಗೇ ಬರೆಯಲಿ. ಗೋಡೆಯನ್ನು ಯಾಕೆ ಕೆರೆಯುತ್ತೀ? ಒಂಬತ್ತು ವರ್ಷದ ಹುಡುಗಿಗೆ ಪೂಜೆಯಲ್ಲಿ ನೆನಪಿರುವುದು ಎದುರಿನವಳ ಜಡೆ. ಚೆನ್ನಾಗಿ ತಿಳಿನೀಲಿ ಬಣ್ಣ ಹೊಡೆಸಿ, ಮೇಲೆ ಚಿನ್ನದ ನಕ್ಷತ್ರ ಬರೆಸಿ. ನೋಡಲು ಹಬ್ಬದಂತಿರುತ್ತದೆ.

ಅಗ್ನೇಸಾಳ ಮಂಡಿನೋವು ಹೇಗಿದೆ? ಒಂದು ಜೊತೆ ಉಣ್ಣೆಪಟ್ಟಿ ಕಳಿಸಿದ್ದೇನೆ.

ನಿನ್ನ
ಓತಿಲಿಯಾ ದೊಡ್ಡಜ್ಜಿ

•

ಕೋಕ್‌ಬುಲಾಕ್
ಏಪ್ರಿಲ್ 28, 1992

ಪ್ರೀತಿಯ ದೊಡ್ಡಜ್ಜಿ,

ಚಿನ್ನದ ನಕ್ಷತ್ರ! ಕ್ಷಮಿಸಿ, ಆ ಸಾಲು ಓದಿ ಕಾಗದವನ್ನು ಮಡಚಿಟ್ಟು ಹೊರಗೆ ಹೋಗಿ ಬಂದೆ. ಗಂಟೆಯವರ ಮಗಳೇ ಹೀಗೆಂದರೆ ಉಳಿದವರನ್ನು ಏನನ್ನಲಿ? ಹೆದರಿ ಬಾಳಿದ ತಲೆಮಾರಿಗೆ ಮುಚ್ಚಿಡುವುದೇ ಅಭ್ಯಾಸವಾಗಿದೆ ಎಂದು ಅರ್ಥ ಮಾಡಿಕೊಂಡಿದ್ದೇನೆ. ಈಗ ಹೆದರಬೇಕಿಲ್ಲ.

ಕೆಲಸದ ಕ್ರಮ ಹೀಗೆ: ಮೊದಲು ಸುಣ್ಣದ ಪದರವನ್ನು ಒದ್ದೆ ಬಟ್ಟೆಯಿಂದ ಮೆತ್ತಗೆ ಮಾಡಿ, ಶಸ್ತ್ರವೈದ್ಯರ ಚಾಕುವಿನಿಂದ ಚಕ್ಕೆ ಎಬ್ಬಿಸಬೇಕು. ಚಿತ್ರದ ಮೇಲೆ ಉಳಿದ ಧೂಳನ್ನು ಹಳೆಯ ರೊಟ್ಟಿಯ ಒಳಗಿನ ಮೆದುವಿನಿಂದ ಉಜ್ಜಿ ತೆಗೆಯಬೇಕು, ನೀರು ತಾಗಿಸುವ ಹಾಗಿಲ್ಲ. ಪುಸ್ತಿಕೆಯಲ್ಲಿ ಹಾಗಿದೆ. ರೊಟ್ಟಿಯಿಂದ ಗೋಡೆ ಒರೆಸುವುದನ್ನು ಕಂಡು ಅಜ್ಜಿಯಂದಿರು ಕಿರುಚಿಕೊಂಡರು. "ರೊಟ್ಟಿ ಕಣೇ ಅದು! ತಿನ್ನೋ ರೊಟ್ಟಿ!" ಕೊನೆಗೆ ಒಂದು ಒಪ್ಪಂದವಾಯಿತು. ನಾನು ಉಜ್ಜುವಾಗ ಕೆಳಗೆ ತೆಕ್ಲಾ ಅಜ್ಜಿ ಬಟ್ಟೆ ಹರಡಿ ಹಿಡಿದು ನಿಲ್ಲುತ್ತಾರೆ, ಉದುರಿದ ಪುಡಿಯೆಲ್ಲ ಎದುರುಮನೆಯ ಬಾತಿಮಾಳ ಕೋಳಿಗಳಿಗೆ.

ಮೊದಲು ಕಂಡದ್ದು ಗಡ್ಡ. ಕಂದು ಬಣ್ಣದ, ದಟ್ಟವಾದ ಗಡ್ಡ. ನಾನು ಏಣಿಯ ಮೇಲಿಂದಲೇ ಕೂಗಿದೆ, "ಇದು ಅನ್ನಮ್ಮ ಅಲ್ಲ!" ತೆಕ್ಲಾ ಅಜ್ಜಿ ತಮ್ಮ ಗಲ್ಲ ಸವರಿಕೊಂಡು, "ಯಾಕೆ? ವಯಸ್ಸಾದ ಮೇಲೆ ನಂಗೂ ಬಂದಿದೆ" ಎಂದರು. ಆದರೆ ಗಡ್ಡದ ಕೆಳಗೆ ಕುರುಬನ ಕೋಲು ಬಂತು, ಕೋಲಿನ ಪಕ್ಕದಲ್ಲಿ ನಮ್ಮ ಕಡೆಯ ದಪ್ಪಬಾಲದ ಕುರಿಗಳು ಬಂದವು. ಪಾದದ ಬಳಿ ಜರ್ಮನ್ ಅಕ್ಷರದಲ್ಲಿ ಒಂದು ಸಾಲು: ಸಂತ ವೆಂಡೆಲಿನ್, ನಮ್ಮ ಮಂದೆಯನ್ನು ಕಾಯಿ. ಕುರುಬರ ಸಂತ. ಹಬ್ಬ ಅಕ್ಟೋಬರ್ 20.

ಫಾದರ್ ಬಿಷಪ್ಪರಿಗೆ ಬರೆದಾಯಿತು. ಚರ್ಚು ವೆಂಡೆಲಿನರದು, ಪ್ರತಿಷ್ಠೆ ಅಕ್ಟೋಬರಿನಲ್ಲಿ.

ನೀವು ಚಿಂತೆ ಮಾಡಬೇಡಿ, ಅಜ್ಜಿ ಏನೂ ಹೇಳಲಿಲ್ಲ. ಆ ಸಾಲನ್ನು ನಾನು ಓದಿ ಹೇಳಿದಾಗ ಸುಮ್ಮನೆ ಕೇಳಿಸಿಕೊಂಡು, ತಲೆವಸ್ತ್ರ ಸರಿಮಾಡಿಕೊಂಡು ಮನೆಗೆ ಹೋದರು. ಸತ್ಯವನ್ನು ಇಷ್ಟು ಘನತೆಯಿಂದ ಒಪ್ಪಿಕೊಂಡವರನ್ನು ನಾನು ನೋಡಿರಲಿಲ್ಲ. ನನಗೆ ಅವರ ಬಗ್ಗೆ ಹೆಮ್ಮೆಯಾಯಿತು.

ನಿಮ್ಮ
ರೇಗಿನಾ

•

ನೀಡರ್‌ಬಾಹ್
ಮೇ 17, 1992

ಮುದ್ದು ರೇಗಿನಾ,

ಅಗ್ನೇಸಾ ಬೈದರೆ ಒಪ್ಪಿಕೊಂಡಳು ಅಂತ ಅರ್ಥ. ಸುಮ್ಮನಿದ್ದರೆ ಇಲ್ಲ. ನಾಲ್ಕು ವರ್ಷದವಳಿದ್ದಾಗ ಅವಳ ಬಾತುಕೋಳಿಯನ್ನು ಯಾರೋ ಕೊಂದು ಸಾರು ಮಾಡಿದರು. ಅವಳು ಸುಮ್ಮನಿದ್ದಳು. ಆ ಮನೆಯವರ ಜೊತೆ ಇಂದಿಗೂ ಮಾತಿಲ್ಲ, ಅವರ ಮೊಮ್ಮಕ್ಕಳ ಜೊತೆಗೂ.

ಹೋಗಿ ಅವಳ ಪಕ್ಕ ಕೂತುಕೋ. ಪುಸ್ತಿಕೆ ಮನೆಯಲ್ಲಿ ಬಿಟ್ಟು ಹೋಗು.

ಇನ್ನೊಂದು ಮಾತು. ನಡುಭಾಗ ಬಂತಲ್ಲ, ಅಲ್ಲಿಗೇ ನಿಲ್ಲಿಸು. ಬಲಗಡೆಯ ಮೂಲೆಗೆ ಕೈ ಹಾಕಬೇಡ. ಅಲ್ಲಿ ಗೋಡೆ ಯಾವಾಗಲೂ ತೇವ. ಕೆರೆದರೆ ಗಾರೆಯೇ ಕಳಚಿ ಬಿದ್ದೀತು.

ಇಲ್ಲಿ ಚೆರಿ ಹೂ ಬಿಟ್ಟಿದೆ. ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಒಬ್ಬ ಕಿವುಡ ಮುದುಕ ಬಂದು ಕೂರುತ್ತಾನೆ, ಅವನೂ ನನ್ನಷ್ಟೇ ನಿಧಾನ. ಮಜವಾಗಿದೆ.

ನಿನ್ನ
ದೊಡ್ಡಜ್ಜಿ

•

ಕೋಕ್‌ಬುಲಾಕ್
ಜೂನ್ 12, 1992

ಪ್ರೀತಿಯ ದೊಡ್ಡಜ್ಜಿ,

ನೀವು ಹೇಳಿದ್ದೇ ಸರಿಯಾಯಿತು. ಅಜ್ಜಿ ಚರ್ಚಿಗೆ ಬರುವುದನ್ನು ಬಿಟ್ಟಿದ್ದಾರೆ.

ಮೊದಲ ಭಾನುವಾರ ಮಂಡಿನೋವು ಅಂದರು. ಎರಡನೆಯದಕ್ಕೆ ಹಿಟ್ಟು ನಾದಬೇಕು ಅಂದರು. ಮೂರನೆಯ ಭಾನುವಾರ ನಾನು ಬಾಗಿಲಲ್ಲೇ ನಿಂತು, "ಅಜ್ಜಿ, ಅರ್ಧ ಶತಮಾನ ಈ ಬಾಗಿಲು ತೆರೆಯಲಿ ಅಂತ ಬೇಡಿಕೊಂಡವರು ನೀವು. ತೆರೆದ ಮೇಲೆ ಯಾಕೆ ಬರಲ್ಲ?" ಎಂದು ಕೇಳಿದೆ.

"ಯಾರ ಹತ್ರ ಬೇಡ್ಕೊಂಡೆ ನಾನು?" ಎಂದರು. "ಅನ್ನಮ್ಮನ ಹತ್ರ. ಅವಳು ಅಲ್ಲಿ ಇಲ್ಲವೇ ಇಲ್ಲ ಅಂತ ನೀನೇ ಓದಿ ಹೇಳಿದೆಯಲ್ಲ. ಕೈಗೂಸುಗಳನ್ನ ಆ ಬಾಗಿಲ ಹತ್ರ ಎತ್ತಿ ಹಿಡಿದು ಅವಳ ಮಡಿಲಿಗೆ ಒಪ್ಪಿಸಿದ್ದೀನಿ. ನಿಮ್ಮಮ್ಮನ್ನ, ನಿನ್ನನ್ನ. ಯಾರ ಮಡಿಲಿಗೆ ಹಾಕ್ದೆ ನಾನು? ಗೊತ್ತಿಲ್ಲದ ಒಬ್ಬ ಕುರುಬನಿಗಾ?"

ಸಂತರೆಲ್ಲರೂ ಒಂದೇ ಸಭೆಯವರು, ಪ್ರಾರ್ಥನೆ ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರುತ್ತದೆ ಎಂದು ಪುಸ್ತಿಕೆಯಲ್ಲಿದೆ ಎಂದೆ. ಅಜ್ಜಿ ನನ್ನನ್ನೇ ನೋಡಿದರು. "ಮೊನ್ನೆ ಮೊನ್ನೆ ತನಕ ದೇವರಿಲ್ಲ ಅನ್ನೋ ಪುಸ್ತಿಕೆ ಓದ್ಕೊಂಡು ಬಂದು ನಂಗೆ ಬುದ್ಧಿ ಹೇಳ್ತಿದ್ದೆ. ಈಗ ದೇವರು ಹೇಗಿರಬೇಕು ಅಂತ ಹೇಳ್ತಿದೀಯ. ಎರಡರಲ್ಲೂ ನಾನೇ ದಡ್ಡಿ" ಎಂದು ಒಳಗೆ ಹೋದರು.

ಅಜ್ಜಿಯಿಲ್ಲದೆ ಹಾಡು ಎತ್ತುವವರಿಲ್ಲ. ಒಬ್ಬೊಬ್ಬರಾಗಿ ಉಳಿದವರೂ ಬಿಟ್ಟರು. ಹೋದ ಭಾನುವಾರ ಪೂಜೆಗೆ ನಾನು, ತೆಕ್ಲಾ ಅಜ್ಜಿ ಮತ್ತು ಮಳೆಯಿಂದ ತಪ್ಪಿಸಿಕೊಳ್ಳಲು ಬಂದ ಒಬ್ಬ ಪೋಸ್ಟ್‌ಮ್ಯಾನ್. ಫಾದರ್ ಹಣೆ ಉಜ್ಜಿಕೊಂಡು, "ಅಗ್ನೇಸಾ ಅವರು ಬರದೆ ಇದ್ದರೆ ಬಿಷಪ್ಪರು ಯಾರಿಗಾಗಿ ಬರಬೇಕು?" ಎಂದರು, ಅಷ್ಟೇ. ನಾನು ಸುಳ್ಳು ಹೇಳಲಿಲ್ಲ ದೊಡ್ಡಜ್ಜಿ. ಗೋಡೆಯ ಮೇಲಿದ್ದದ್ದನ್ನು ಓದಿದೆ. ಆದರೂ ಅಜ್ಜಿಯನ್ನು ಹೊರಗೆ ತಳ್ಳಿದವಳು ನಾನೇ ಅನ್ನಿಸುತ್ತಿದೆ. ಅವರು ಒಳಗೆ ಬರದ ಚರ್ಚಿನಲ್ಲಿ ಪ್ರತಿಷ್ಠೆ ಅನ್ನುವುದು ನನಗೂ ಬೇಡ.

ನೀವು ಬಯ್ಯುವಿರಿ, ಬಲಮೂಲೆಯನ್ನೂ ಕೆರೆದೆ. ತೇವ ಇರಲೇ ಇಲ್ಲ, ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಅಲ್ಲಿ ಅನ್ನಮ್ಮ ಸಿಗಲಿ ಎಂದು ದೇವರಲ್ಲಿ ಬೇಡಿಕೊಂಡೇ ಕೆರೆದೆ. ಸಿಕ್ಕಿದ್ದು ಒಬ್ಬ ಕಜಾಕ್ ಹೆಂಗಸು. ತಲೆ, ಕೊರಳು, ಎದೆಯನ್ನೆಲ್ಲ ಮುಚ್ಚುವ ಬಿಳಿ ಕಿಮೆಶೆಕ್, ಬಾತಿಮಾಳ ಮನೆಯ ಹಿರಿಯರು ತೊಡುತ್ತಿದ್ದಂಥದೇ. ಕೈಯಲ್ಲಿ ಹಾಲಿನ ಬಟ್ಟಲು, ಮೊಣಕಾಲಿಗೆ ಒರಗಿದ ಒಂದು ಪುಟ್ಟ ಹುಡುಗಿ. ತಲೆಯ ಸುತ್ತ ಪ್ರಭೆಯಿಲ್ಲ. ಸಂತಳಲ್ಲ, ಬೈಬಲ್ಲಿನವಳೂ ಅಲ್ಲ. ಬಲಿಪೀಠದ ಮೇಲೆ ಲೌಕಿಕರ ಚಿತ್ರ ಇರಕೂಡದು ಎಂದು ಪುಸ್ತಿಕೆ ಸ್ಪಷ್ಟವಾಗಿ ಹೇಳುತ್ತದೆ. ಯಾರೋ ಆಮೇಲೆ ಗೇಲಿಗೆ ಸೇರಿಸಿರಬೇಕು. ಅಜ್ಜಿ ನೋಡಿದರೆ ಇನ್ನಷ್ಟು ನೊಂದುಕೊಳ್ಳುತ್ತಾರೆ. ಜೂನ್ ಮುಗಿಯುವುದರೊಳಗೆ ಆ ಮೂಲೆಗೆ ಮತ್ತೆ ಸುಣ್ಣ ಬಳಿದುಬಿಡುತ್ತೇನೆ. ಫಾದರ್‌ಗೂ ಇನ್ನೂ ತೋರಿಸಿಲ್ಲ, ಮೇಲೊಂದು ಚಾದರ ಇಳಿಬಿಟ್ಟಿದ್ದೇನೆ.

ರೇಗಿನಾ

•

ತಂತಿ
ನೀಡರ್‌ಬಾಹ್, ಜೂನ್ 27, 1992

ಹೆಂಗಸಿಗೆ ಸುಣ್ಣ ಬಳಿಯಬೇಡ. ಅವಳೇ ಅನ್ನಮ್ಮ. ಕಾಗದ ಬರುತ್ತಿದೆ. ಓತಿಲಿಯಾ.

•

ನೀಡರ್‌ಬಾಹ್
ಜೂನ್ 27, 1992

ರೇಗಿನಾ, ನನ್ನ ಚಿನ್ನ,

ತಂತಿ ಕೊಟ್ಟು ಈಗ ತಾನೇ ಬಂದೆ. ಕೌಂಟರಿನ ಹುಡುಗ ಮೂರು ಸಲ ಓದಿ, "ಅಜ್ಜಿ, ಎಲ್ಲಾ ಸರಿ ಇದೆಯಾ ಮನೇಲಿ?" ಎಂದು ಕೇಳಿದ. ಬಳಿದಾಗಿದ್ದರೆ ಒಣಗುವ ಮುಂಚೆ ಒರೆಸಿಬಿಡು. ಒಣಗಿದ್ದರೆ ಮತ್ತೆ ರೊಟ್ಟಿ ತಗೋ.

ಗೋಡೆ ತೇವ ಅಂದದ್ದು ನಾನು ಕಟ್ಟಿದ ಕಥೆ. ಈಗ ನಿಜ ಬರೆಯುತ್ತೇನೆ.

ಚರ್ಚನ್ನು ಕಟ್ಟಿದ್ದು ರೈಲುಹಾದಿ ಹಾಕಲು ಬಂದ ಪೋಲಿಷರು ಮತ್ತು ನಮ್ಮ ಜರ್ಮನ್ನರು. ಮೊದಲ ಮಹಾಯುದ್ಧದಲ್ಲಿ ಇಲ್ಲಿಗೆ ಯುದ್ಧಕೈದಿಗಳನ್ನು ತಂದು ಬಿಟ್ಟರು. ಅವರಲ್ಲಿ ಯೂರೈ ಎಂಬ ಕ್ರೊಯೇಷಿಯದವನೊಬ್ಬ ಚಿತ್ರ ಬರೆಯಬಲ್ಲವನಾಗಿದ್ದ. ರೊಟ್ಟಿ ಮತ್ತು ಮಲಗಲು ಜಾಗ, ಅಷ್ಟಕ್ಕೆ ಗೋಡೆ ತುಂಬಿಸಿದ. ನನ್ನ ಅಪ್ಪ ಅವನಿಗೆ ಬಣ್ಣ ಅರೆದು ಕೊಡುತ್ತಿದ್ದರು. ನೀಲಿಗೆ ಬೇಕಾದ ಕಲ್ಲನ್ನು ಒಂಟೆಯವನೊಬ್ಬ ತಂದು ಕೊಟ್ಟಿದ್ದನಂತೆ. ಆ ಚಳಿಗಾಲ ಯೂರೈ ಜ್ವರದಿಂದ ಸಾಯುವ ಹಾಗಾದ. ಎದುರುಮನೆಯ ಕುಲ್ಪಾಶ್ ಎಂಬ ಹೆಂಗಸು ದಿನವೂ ಹಾಲು ತಂದು ಕುಡಿಸಿದಳು, ಜೊತೆಗೆ ಪುಟ್ಟ ಮಗಳು. ಅವನು ಎದ್ದು ಮತ್ತೆ ಏಣಿ ಹತ್ತಿದಾಗ ಅವರಿಬ್ಬರನ್ನೂ ಬರೆದ. ಕುರಿ ಕಾಯುವ ಸಂತನಿಗೆ ಯಾರಾದರೂ ಹಾಲು ತಂದು ಕೊಡಬೇಡವೇ, ಅಂದನಂತೆ. ಯಾರೂ ಬೇಡ ಅನ್ನಲಿಲ್ಲ. ಗೇಲಿಗೆ ಬರೆದದ್ದಲ್ಲ ರೇಗಿನಾ, ಅವನಿಗೆ ಗೊತ್ತಿದ್ದ ಋಣ ತೀರಿಸುವ ಬಗೆ ಅದೊಂದೇ. ಪ್ರತಿ ಭಾನುವಾರ ಪೂಜೆಯಲ್ಲಿ ನಾನು ನೋಡುತ್ತಿದ್ದದ್ದು ಎದುರಿನವಳ ಜಡೆಯನ್ನಲ್ಲ, ಆ ಬಟ್ಟಲನ್ನು.

ಆಮೇಲೆ ಚರ್ಚು ಮುಚ್ಚಿದರು, ಒಳಗೆ ಗೋಧಿ ತುಂಬಿದರು. ಹಸಿವಿನ ವರ್ಷ ಬಂದಾಗ ಕುಲ್ಪಾಶ್ ಸತ್ತಳು. ಅವಳ ಚಿತ್ರದ ಎದುರೇ ಎದೆಮಟ್ಟ ಗೋಧಿ ಇತ್ತು. ಇದೊಂದನ್ನು ಬರೆದು ಮುಂದೆ ಹೋಗುತ್ತೇನೆ.

ನಲವತ್ತೊಂದರಲ್ಲಿ, ಯುದ್ಧ ಶುರುವಾದಾಗ, ವೋಲ್ಗಾ ಕಡೆಯಿಂದ ಗಡೀಪಾರಾದ ಜರ್ಮನ್ ಹೆಂಗಸರು ರೈಲಿನಲ್ಲಿ ಬಂದಿಳಿದರು. ಅವರು ಈ ಚರ್ಚಿನ ಒಳಗೆ ನಿಂತವರಲ್ಲ. ನಮ್ಮ ಹಿರಿಯರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಹೋಗಿದ್ದರು. ಪಕ್ಕದ ಬಾಗಿಲಲ್ಲಿ ಹಲಗೆ ಬಿರಿದು ಒಂದು ಸೀಳು ಇತ್ತು. ಅದರಿಂದ ಇಣುಕಿದರೆ ಬಲಮೂಲೆ ಮಾತ್ರ ಕಾಣುತ್ತದೆ, ಅದೂ ಗೋಧಿ ರಾಶಿ ಇಳಿದಿದ್ದರೆ. ಸುಗ್ಗಿಯ ನಂತರ ತಲೆಯವರೆಗೆ ರಾಶಿ, ಏನೂ ಕಾಣದು. ಹೊಸ ಬೆಳೆ ಬರುವ ಮುಂಚೆ, ಜುಲೈ ಕೊನೆಗೆ, ರಾಶಿ ಇಳಿದು ಇಳಿದು ಬಿಳಿಯ ಮುಸುಕಿನ ಒಬ್ಬ ಹಿರಿಯ ಹೆಂಗಸು ಮತ್ತು ಅವಳಿಗೆ ಒರಗಿದ ಹುಡುಗಿ ಮೇಲೆದ್ದು ಬರುತ್ತಾರೆ. ಊರಿನಿಂದ ಊರಿಗೆ ಎಸೆಯಲ್ಪಟ್ಟ ಕ್ರೈಸ್ತ ಹೆಂಗಸರಿಗೆ ಅದು ಯಾರೆಂದು ಕಾಣಬೇಕು ಹೇಳು? ಅನ್ನಮ್ಮ, ಮಡಿಲ ಹತ್ತಿರ ಮರಿಯಮ್ಮ. ಪಂಚಾಂಗ ನೋಡಿದರೆ ಆ ವಾರವೇ ಅನ್ನಮ್ಮನ ಹಬ್ಬ. ಸಂದೇಹಕ್ಕೆ ಎಡೆಯೆಲ್ಲಿ? ಅಗ್ನೇಸಾ ಆಗ ಹದಿನೈದರವಳು, ಅವರ ಜೊತೆ ಸೀಳಿಗೆ ಕಣ್ಣಿಟ್ಟು ಬೆಳೆದಳು. ಸರ್ಕಾರದ ಗೋಧಿಯ ಕಡೆ ಇಣುಕಿದ್ದು ತಿಳಿದರೆ ಜೈಲು, ಅದಕ್ಕೇ ಆ ಸೀಳಿನ ಮಾತನ್ನು ಅವರು ಮಕ್ಕಳ ಎದುರೂ ಎತ್ತಲಿಲ್ಲ.

ನನ್ನನ್ನು ಬಲವಂತದ ದುಡಿಮೆಗೆಂದು ಉತ್ತರದ ಕಾಡಿಗೆ ಒಯ್ದರು. ಯುದ್ಧ ಮುಗಿದ ಮೇಲೆ ಬಂದು ನೋಡುತ್ತೇನೆ, ಇಡೀ ಬೀದಿ ಕುಲ್ಪಾಶಳ ಎದುರು ಮಂಡಿಯೂರಿದೆ. ಹಾಡುತ್ತಿದ್ದಾಳೆ ನನ್ನ ತಂಗಿ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೇಳೋಣ ಅಂದುಕೊಂಡೆ. ಅವರ ಮುಖಗಳನ್ನು ನೋಡಿದೆ, ಆ ಚಳಿಗಾಲಗಳನ್ನು ದಾಟಿಸಿದ ಕೈ ಅದು. ನಾನೂ ಮಂಡಿಯೂರಿದೆ. ಆಮೇಲೆ ಬಾಕ್ಸಿಂಗ್‌ನವರು ಸುಣ್ಣ ಬಳಿದರು, ಹೇಳುವ ಅಗತ್ಯವೇ ಬೀಳಲಿಲ್ಲ.

ಈಗ ನಿನಗೆ ಹೇಳಿದ್ದೇನೆ. ಅಗ್ನೇಸಾಳಿಗೆ ಹೇಳಬೇಕೋ ಬೇಡವೋ, ಇಲ್ಲಿ ಕೂತು ನಾನು ಹೇಳಲಾರೆ. ಅವಳ ಮುಖ ನೋಡಿ ನೀನೇ ತೀರ್ಮಾನಿಸು.

ನಿನ್ನ
ದೊಡ್ಡಜ್ಜಿ

•

ಕೋಕ್‌ಬುಲಾಕ್
ಜುಲೈ 29, 1992

ನನ್ನ ಓತಿಲಿಯಾ ದೊಡ್ಡಜ್ಜಿ,

ನಿಮ್ಮ ತಂತಿ ಬಂದಾಗ ನಾನು ಏಣಿಯ ಮೇಲಿದ್ದೆ. ಚಿತ್ರದ ಹುಡುಗಿಯ ತೋಳಿನ ಮೇಲೆ ಸುಣ್ಣದ ಒಂದು ಬಳಿತ ಆಗಿಹೋಗಿತ್ತು. ಪೋಸ್ಟ್‌ಮ್ಯಾನ್ ಕೆಳಗಿನಿಂದಲೇ ಗಟ್ಟಿಯಾಗಿ ಓದಿದ. ನನ್ನ ಅಂಗಿಯ ತುದಿಯಿಂದಲೇ ಒರೆಸಿದೆ. ತೋಳಿಗೆ ಏನೂ ಆಗಿಲ್ಲ, ಅಂಗಿ ಹೋಯಿತು. ಅವಳೇ ಅನ್ನಮ್ಮ ಅನ್ನುವುದರ ಅರ್ಥ ಮಾತ್ರ ನಿಮ್ಮ ಕಾಗದ ಬರುವ ತನಕ ತಿಳಿಯಲಿಲ್ಲ. ಚಾದರವನ್ನು ಹಾಗೇ ಬಿಟ್ಟೆ.

ಕಾಗದ ಕೈಗೆ ಬಂದದ್ದು ಇಪ್ಪತ್ತೈದರಂದು, ಅನ್ನಮ್ಮನ ಹಬ್ಬದ ಹಿಂದಿನ ದಿನ. ಓದಿ ಮುಗಿಸಿ ಟಿಕೆಟ್ ಕಿಟಕಿಯನ್ನು ಮುಚ್ಚಿಬಿಟ್ಟೆ. ಹೊರಗೆ ಸಾಲಿನಲ್ಲಿದ್ದವರು ಬೈಯುತ್ತಿದ್ದರು. ಮೊದಲಿನ ನಾನಾಗಿದ್ದರೆ ಓಡಿಹೋಗಿ ಅಜ್ಜಿಗೆ ಹೇಳಿರುತ್ತಿದ್ದೆ, ಸತ್ಯ ಸತ್ಯವೇ ಎಂದು. ಅನ್ನಮ್ಮನನ್ನು ಒಮ್ಮೆ ಕಿತ್ತುಕೊಂಡಿದ್ದೆ, ಈಗ ಅವಳ ಮುಖವನ್ನೂ ಕಿತ್ತುಕೊಳ್ಳಲೇ? ಸುಮ್ಮನಿದ್ದರೆ ಅಜ್ಜಿ ಹೊರಗೇ ಉಳಿಯುತ್ತಾರೆ. ಆಗ ಒಂದು ವಿಷಯ ಹೊಳೆಯಿತು. ಈ ಚಿತ್ರದ ಮೇಲೆ ನಮಗೆಲ್ಲರಿಗಿಂತ ಹೆಚ್ಚು ಹಕ್ಕಿರುವ ಒಬ್ಬಳಿದ್ದಾಳೆ, ಅವಳನ್ನು ನಾವು ಯಾರೂ ಕೇಳಿಯೇ ಇಲ್ಲ. ನೇರವಾಗಿ ಬಾತಿಮಾಳ ಮನೆಗೆ ಹೋದೆ. ಕುಲ್ಪಾಶಳ ಮೊಮ್ಮಗಳು ಅವಳೇ ತಾನೇ.

ಬಾತಿಮಾ ಅಂಗಳದಲ್ಲಿ ಒಣಗಿಸಿದ ಮೊಸರಿನ ಉಂಡೆಗಳನ್ನು ತಿರುವಿ ಹಾಕುತ್ತಿದ್ದಳು, ಮರುದಿನದ ಹಬ್ಬಕ್ಕೆ ತರಲೆಂದೇ. ಪ್ರತಿ ವರ್ಷವೂ ತರುತ್ತಾಳಲ್ಲ. ನಾನು ನಿಮ್ಮ ಕಾಗದವನ್ನು ಓದಿ ಹೇಳಿದೆ. ಅವಳು ಕೇಳುತ್ತಾ ಕೇಳುತ್ತಾ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು.

"ಐವತ್ತು ವರ್ಷ ನನ್ನ ಅಜ್ಜಿ ಹತ್ರ ಬೇಡ್ಕೊಂಡ್ರಾ ನೀವೆಲ್ಲ? ಅದಕ್ಕೇ ನಿಮ್ಮ ಬೀದಿ ತುಂಬ ಹೆಣ್ಣುಮಕ್ಕಳು. ನಮ್ಮ ವಂಶದಲ್ಲಿ ಗಂಡು ಹುಟ್ಟಿದ್ದೇ ಅಪರೂಪ."

"ಆ ಪುಟ್ಟ ಹುಡುಗಿಯನ್ನು ಮರಿಯಮ್ಮ ಅಂದುಕೊಂಡಿದ್ದರು" ಎಂದೆ.

"ನನ್ನ ಅಮ್ಮನ್ನಾ?" ಬಾತಿಮಾ ಎದೆಗೆ ಕೈಯಿಟ್ಟುಕೊಂಡಳು. "ಊರಿನ ಏಪ್ರಿಕಾಟ್ ಎಲ್ಲಾ ಕದ್ದು ತಿಂದು, ಬೀಜಾನ ಮುಲ್ಲಾನ ಬಾವಿಗೆ ಹಾಕ್ತಿದ್ದವಳನ್ನಾ? ಆ ಕಳ್ಳತನದ ಮಾತು ಮಾತ್ರ ಅವರಿಗೆ ಹೇಳ್ಬೇಡ, ಪಾಪ."

ಆಮೇಲೆ ನಗು ನಿಂತಿತು. ಮೊಸರುಂಡೆ ಕೈಯಲ್ಲೇ ಇತ್ತು. "ಅಜ್ಜೀನ ನಾನು ನೋಡೇ ಇಲ್ಲ ರೇಗಿನಾ. ನಾನಿನ್ನೂ ತೊಟ್ಟಿಲಲ್ಲಿದ್ದೆ. ಒಂದು ಫೋಟೋ ಇಲ್ಲ. ಹೇಗಿದ್ದಾಳೆ?" ಎಂದಳು.

ನಾನು ಹೇಳಲು ಹೊರಟೆ. ಅವಳು ತಡೆದು, ಎದ್ದು, ಲಂಗ ಕೊಡವಿಕೊಂಡು ಬೀದಿ ದಾಟಿದಳು. ಅಜ್ಜಿ ಕಿಟಕಿಯ ಬಳಿ ಬೀನ್ಸ್ ಬಿಡಿಸುತ್ತಿದ್ದರು. ಬಾತಿಮಾ ಕಿಟಕಿಯಿಂದಲೇ ಎಲ್ಲವನ್ನೂ ಹೇಳಿದಳು, ಸೀಳು, ಗೋಧಿ ರಾಶಿ, ಹಾಲಿನ ಬಟ್ಟಲು, ಯೂರೈ, ಒಂದನ್ನೂ ಬಿಡಲಿಲ್ಲ. ನಾನು ಹಿಂದೆ ನಿಂತು ಅಜ್ಜಿಯ ಮುಖ ನೋಡುತ್ತಿದ್ದೆ. ಅಜ್ಜಿ ಸುಮ್ಮನಿದ್ದರು. ನನಗೆ ನೀವು ಬರೆದ ಬಾತುಕೋಳಿಯ ನೆನಪು ಬಂತು.

ಬಾತಿಮಾ ಮಾತು ಮುಗಿಸಿ, ಕೈ ಚಾಚಿದಳು. "ಏಳು ಅಗ್ನೇಸಾ. ನಮ್ಮಜ್ಜೀನ ನಂಗೆ ಪರಿಚಯ ಮಾಡ್ಸು. ನನಗಿಂತ ನಿಂಗೇ ಅವಳು ಚೆನ್ನಾಗಿ ಗೊತ್ತು."

ಅಜ್ಜಿ ಬೀನ್ಸಿನ ತಟ್ಟೆಯನ್ನು ಪಕ್ಕಕ್ಕಿಟ್ಟರು. ತಲೆವಸ್ತ್ರ ಬದಲಿಸಿದರು, ಹಬ್ಬದ್ದನ್ನು ಕಟ್ಟಿಕೊಂಡರು. ಇಬ್ಬರೂ ಕೈ ಹಿಡಿದುಕೊಂಡು ಬೀದಿ ದಾಟಿದರು, ಪಕ್ಕದ ಬಾಗಿಲಿನಿಂದಲೇ ಒಳಗೆ ಹೋದರು. ನಾನು ಚಾದರ ಎಳೆದೆ.

ಅಜ್ಜಿ ತುಂಬಾ ಹೊತ್ತು ನೋಡಿದರು. "ಇವಳೇ" ಎಂದರು. ಕಣ್ಣು ಕೆಳಗಿಳಿಸಿ, "ಬೂಟು ಹಾಕ್ಕೊಂಡಿದ್ದಾಳೆ" ಎಂದರು. ಕುಲ್ಪಾಶಳ ಕಾಲಲ್ಲಿ ಕೆಸರು ಮೆತ್ತಿದ ಬೂಟುಗಳಿವೆ ದೊಡ್ಡಜ್ಜಿ, ಯೂರೈ ಕೆಸರನ್ನೂ ಬಿಡದೆ ಬರೆದಿದ್ದಾನೆ. ಅಜ್ಜಿಗೆ ಅದು ಹೊಸದು. ಅವರು ಕಂಡದ್ದೆಲ್ಲ ಮೊಣಕಾಲಿನಿಂದ ಮೇಲೆ, ಕೆಳಗೆ ಎಂದೂ ಗೋಧಿ ಪೂರ್ತಿ ಖಾಲಿಯಾಗಿರಲಿಲ್ಲ. "ಕಾಲು ಇದೆ ಇವಳಿಗೆ" ಎಂದು ಮತ್ತೆ ಹೇಳಿದರು, ಅದೇ ದೊಡ್ಡ ವಿಷಯ ಎಂಬಂತೆ. ಬಾತಿಮಾ ಗೋಡೆಯ ಬಳಿ ಹೋಗಿ ಹುಡುಗಿಯ ಕೆನ್ನೆಯ ಹತ್ತಿರ ಬೆರಳು ತಂದು, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡಳು.

ನಾನು ತಡೆಯಲಾರದೆ ಕೇಳಿದೆ. "ಅಜ್ಜಿ, ಆ ಪ್ರಾರ್ಥನೆಗಳೆಲ್ಲ?"

ಅಜ್ಜಿ ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ಏನಾಗತ್ತೆ ಅವಕ್ಕೆ? ಇವಳೂ ಅಜ್ಜಿ, ಅನ್ನಮ್ಮನೂ ಅಜ್ಜಿ. ಎದುರುಮನೆಯವರ ಕಾಗದ ನಮ್ಮನೆಗೆ ಬಂದ್ರೆ ನಾವು ಕೊಟ್ಟು ಬರಲ್ವಾ? ಹಾಲು ಕೊಡೋಕೆ ಹೋದಾಗ ಕೊಟ್ಟಿರ್ತಾಳೆ." ಆಮೇಲೆ, "ನಿಮ್ಮ ದೊಡ್ಡಜ್ಜಿಗೆ ಬರೀ. ಗೊತ್ತಿದ್ದೂ ನನ್ನ ಪಕ್ಕ ಮಂಡಿಯೂರಿದ್ದಳಲ್ಲ, ಕಳ್ಳಿ. ಬರಲಿ ಅವಳು" ಎಂದರು. ಬೈದರು ದೊಡ್ಡಜ್ಜಿ. ನಿಮ್ಮ ಲೆಕ್ಕದಲ್ಲಿ ಒಪ್ಪಿಕೊಂಡ ಹಾಗೆ.

ಮರುದಿನ ಅನ್ನಮ್ಮನ ಪೂಜೆ ಒಳಗೇ ನಡೆಯಿತು. ನಾನು ಬಾಗಿಲು ತೆಗೆಯಲು ಹೋದಾಗ ಬೀದಿಯಲ್ಲಿ ಟ್ರ್ಯಾಕ್ಟರು, ಮೋಟಾರುಬೈಕು, ಎರಡು ಕುದುರೆ. ಬಾತಿಮಾ ಸುದ್ದಿ ಕಳಿಸಿದ್ದಳು, ಕುಲ್ಪಾಶಳ ವಂಶವೆಲ್ಲ ಸುತ್ತಲ ಹಳ್ಳಿಗಳಿಂದ ಮದುವೆಗೆ ಬಂದವರಂತೆ ಸಿಂಗರಿಸಿಕೊಂಡು ಬಂದಿತ್ತು. ಚರ್ಚು ಕಿಕ್ಕಿರಿದು ತುಂಬಿತು. ಫಾದರ್ ಜೆನೊನ್ ಉಡುಪು ತೊಟ್ಟು ಹೊರಗೆ ಬಂದವರು ಇಷ್ಟು ಜನರನ್ನು ಕಂಡು ಬೆಚ್ಚಿ ಮತ್ತೆ ಬಾಗಿಲಿಗೆ ಹಣೆ ಬಡಿದುಕೊಂಡರು. ಬಾತಿಮಾಳ ಅಣ್ಣ ಚಿತ್ರದ ಕುಲ್ಪಾಶಳ ಮೂಗಿನ ವಿಷಯಕ್ಕೆ ಜಗಳ ತೆಗೆದ. "ನೋಡ್ರೋ, ಅದು ನನ್ನ ಮೂಗು!" ಅವನ ಹೆಂಡತಿ, "ಅವಳಿಗೆ ಒಪ್ಪುತ್ತೆ, ನಿಮಗಲ್ಲ" ಎಂದಳು. ಅಜ್ಜಿ ಪೀಠದ ಮೆಟ್ಟಿಲ ಮೇಲೆ ನಿಂತು, "ಮಾತು ಸಾಕು, ಪೂಜೆ ಶುರುವಾಗ್ತಿದೆ, ಮಕ್ಕಳನ್ನ ಮುಂದೆ ಕೂರಿಸಿ, ಕಾಣಲಿ ಅವಕ್ಕೂ" ಎಂದು ಎಲ್ಲರನ್ನೂ ಗದರಿಸಿ ಕೂರಿಸಿದರು. ಆಮೇಲೆ ಹಾಡು ಎತ್ತಿದರು. ಆ ಹಾಡು ಎಷ್ಟು ನಿಧಾನ ಅನ್ನುವುದು ನಿಮಗೊಬ್ಬರಿಗೇ ಗೊತ್ತು.

ಪೂಜೆಯ ನಂತರ ಕರಬೂಜ ಹಂಚುವಾಗ ಫಾದರ್ ಹೆದರುತ್ತಲೇ ಅಜ್ಜಿಯ ಬಳಿ ಬಂದರು. ಬಿಷಪ್ಪರಿಗೆ ಏನು ಬರೆಯಲಿ, ಚರ್ಚು ಯಾರದು ಅನ್ನಲಿ, ಎಂದು ಕೇಳಿದರು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿದರು. ನನ್ನ ಬಳಿ ಪುಸ್ತಿಕೆಯ ಉತ್ತರ ಇತ್ತು, ಹೇಳಲಿಲ್ಲ.

ಅಜ್ಜಿ ಬಾಯಲ್ಲಿದ್ದ ಹಣ್ಣನ್ನು ನುಂಗಿ, ಗೋಡೆಯ ನಡುವೆ ನಿಂತ ವೆಂಡೆಲಿನರನ್ನು ಮೊದಲ ಸಲ ಸರಿಯಾಗಿ ಮೇಲಿಂದ ಕೆಳಗೆ ನೋಡಿದರು.

"ಅವರದು ಅಂತಲೇ ಬರೀರಿ, ಅಕ್ಟೋಬರಿಗೆ ನಾವೆಲ್ಲ ಇರ್ತೀವಿ" ಎಂದರು. "ಕುರಿಗಳನ್ನ ಚೆನ್ನಾಗಿ ನೋಡ್ಕೊಂಡಿದ್ದಾರೆ."

ನಿಮ್ಮ
ರೇಗಿನಾ